ಪಟ್ಟಣದಲ್ಲಿ ಬೇಡಿ ತೊಟ್ಟ ಸ್ಕಾಟ್ಲೆಂಡಿನ ಸೋಜರ

ಕಳೆದ ಭಾನುವಾರ ಶ್ರೀರಂಗಪಟ್ಟಣದಲ್ಲಿ ಬಿಸಿಲು ಅಂದ್ರೆ ಬಿಸಿಲು. ರಂಗನಾಥಸ್ವಾಮಿ ದರ್ಶನ ಮುಗಿಸಿದ ಜನ ಕಬ್ಬಿನ ಹಾಲು ಕುಡಿದು ಹೊಳೆ ಕಡೆ ಇರುವ ಬಂದೀಖಾನೆ ನೋಡಲು ಸಾಲುಗಟ್ಟಿದ್ದರು. ಕರ್ನಲ್ ಬೈಲಿ ಬಂದೀಖಾನೆ ಅಂತ ಅದಕ್ಕೆ ಹೆಸರು. ಇಟ್ಟಿಗೆ ಗಾರೆಯ ನೆಲಮಾಳಿಗೆ, ಕಮಾನು ಛಾವಣಿ, ಗೋಡೆಯಿಂದ ಈಚೆಗೆ ಚಾಚಿದ ಕಲ್ಲುಗಳು, ಕಲ್ಲುಗಳಲ್ಲಿ ತೂತು. ನಡುವೆ ಒಂದು ಫಿರಂಗಿ ಬಿದ್ದಿದೆ. ಗೈಡ್ ಒಬ್ಬರು ಹತ್ತು ಹನ್ನೆರಡು ಜನರನ್ನು ಸುತ್ತ ನಿಲ್ಲಿಸಿಕೊಂಡು ಕಥೆ ಶುರು ಮಾಡಿದ್ದರು.

"ನೋಡಿ ಸಾ, ಈ ಕಲ್ಲಿಗೇ ಕೈ ಎರಡೂ ಕಟ್ಟಾಕೋದು. ಕತ್ತಿನ ಮಟ್ಟ ನೀರು ಬಿಡೋದು. ಎಲ್ಲಾ ಇಂಗ್ಲೀಷ್ ಆಫೀಸರ್‌ಗಳೇ ಸಾ."

ಗುಂಪಿನಲ್ಲಿದ್ದ ಒಬ್ಬ ಪೋರ ಕೇಳಿದ: "ಆಮೇಲೆ ಅವ್ರೆಲ್ಲಾ ಏನಾದ್ರು?"

"ಸತ್ತೋದ್ರು ಕಣಪ್ಪ," ಅಂದು ಗೈಡ್ ಫಿರಂಗಿ ಕಡೆ ಹೊರಟರು.

ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ, ಸಿಕ್ಕಿದ್ದು ಮಾತ್ರ ಅರ್ಧ ಉತ್ತರ. ಬೈಲಿ ಸತ್ತದ್ದು ನಿಜ. ಇನ್ನೂ ಎಷ್ಟೋ ಜನ ಇದೇ ಊರಲ್ಲಿ ಸತ್ತರು. ಆದರೆ ಎಲ್ಲರೂ ಸಾಯಲಿಲ್ಲ. ಗೈಡುಗಳು ಪಟಪಟನೆ ಒಪ್ಪಿಸುವ ಕೈದಿಗಳ ಪಟ್ಟಿಯಲ್ಲಿ ಕ್ಯಾಪ್ಟನ್ ಬೇರ್ಡ್ ಅಂತ ಒಂದು ಹೆಸರು ಬಂದು ಹೋಗುತ್ತೆ. ಆ ಮನುಷ್ಯ ಬದುಕಿದ, ಬಿಡುಗಡೆಯಾಗಿ ಹೋದ, ಮತ್ತು 15 ವರ್ಷಗಳ ಮೇಲೆ ಇದೇ ಕೋಟೆಯ ಗೋಡೆ ಹತ್ತಿ ಕತ್ತಿ ಹಿರಿದುಕೊಂಡು ವಾಪಸ್ಸು ಬಂದ. ನಮ್ಮ ಜಿಲ್ಲೆಯ ಮಣ್ಣಿಗೆ ಇಷ್ಟು ಅಂಟಿಕೊಂಡಿರುವ ಪರದೇಶಿ ಇನ್ನೊಬ್ಬನಿಲ್ಲ. ಅವನ ಪೂರ್ತಿ ಕಥೆ ಮಾತ್ರ ಇಲ್ಲಿ ಯಾರೂ ಹೇಳುವುದಿಲ್ಲ.

ಡೇವಿಡ್ ಬೇರ್ಡ್ ಹುಟ್ಟಿದ್ದು 1757ರ ಡಿಸೆಂಬರಿನಲ್ಲಿ, ಸ್ಕಾಟ್ಲೆಂಡಿನಲ್ಲಿ. ಮನೆತನ ನ್ಯೂಬೈತ್ ಎಂಬ ಊರಿನದು. ತಂದೆ ವಿಲಿಯಂ ಬೇರ್ಡ್ ವರ್ತಕ. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡ. ಮನೆ ತುಂಬ ಮಕ್ಕಳು. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಹಿರಿಯ ಮಗನಲ್ಲದ ಗಂಡುಮಕ್ಕಳಿಗೆ ಇದ್ದದ್ದು ಎರಡೋ ಮೂರೋ ದಾರಿ. ಬೇರ್ಡ್ 15ನೇ ವಯಸ್ಸಿಗೆ, 1772ರಲ್ಲಿ, ಕಾಲ್ದಳದಲ್ಲಿ ಎನ್‌ಸೈನ್ ಆಗಿ ಸೇರಿದ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಕಟ್ಟುವ ವಯಸ್ಸು. ಮೊದಲ ಕೆಲವು ವರ್ಷ ಜಿಬ್ರಾಲ್ಟರಿನಲ್ಲಿ ಪಹರೆ ಕಾದ. ಮೈಕಟ್ಟು ಎತ್ತರದ್ದು, ಸ್ವಭಾವ ಒರಟು, ಮೂಗಿನ ತುದಿಯಲ್ಲೇ ಸಿಟ್ಟು.

1770ರ ದಶಕದ ಕೊನೆಯಲ್ಲಿ ಲಾರ್ಡ್ ಮೆಕ್ಲೌಡ್ ಎಂಬಾತ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಜನ ಸೇರಿಸಿ ಒಂದು ಹೊಸ ಪಟಾಲಂ ಕಟ್ಟಿದ. ಇವನ ಅಪ್ಪ 1745ರಲ್ಲಿ ಇಂಗ್ಲೆಂಡಿನ ದೊರೆಯ ವಿರುದ್ಧ ದಂಗೆ ಎದ್ದು ಜಮೀನು ಜಹಗೀರು ಕಳೆದುಕೊಂಡಿದ್ದವನು. ಮಗ ಅದೇ ದೊರೆತನಕ್ಕೆ ಸಾವಿರಾರು ಸೋಜರನ್ನು ಒದಗಿಸಿ ಮನೆತನದ ಮಾನ ವಾಪಸ್ಸು ಪಡೆಯಲು ಹೊರಟ. ಹೊಲ ಕಡಿಮೆ, ಹೊಟ್ಟೆ ಜಾಸ್ತಿ ಇದ್ದ ಹಳ್ಳಿಗಳಿಂದ ಹುಡುಗರು ಬಂದರು. ಅವರಲ್ಲಿ ಎಷ್ಟೋ ಜನಕ್ಕೆ ಇಂಗ್ಲೀಷೇ ಬರುತ್ತಿರಲಿಲ್ಲ, ಗೇಲಿಕ್ ಅವರ ಮನೆಮಾತು. 73ನೇ ರೆಜಿಮೆಂಟು ಅಂತ ಮೊದಲ ನಂಬರು, ಆಮೇಲೆ 71 ಆಯಿತು. ಬೇರ್ಡ್ ಇದರಲ್ಲಿ ಕ್ಯಾಪ್ಟನ್. 1780ರ ಜನವರಿಯಲ್ಲಿ ಪಟಾಲಂ ಮದರಾಸಿಗೆ ಬಂದು ಇಳಿಯಿತು.

ಅದೇ ವರ್ಷ ಬೇಸಿಗೆ ಕಳೆಯುತ್ತಿದ್ದಂತೆ ಹೈದರಾಲಿ ಘಟ್ಟ ಇಳಿದ. ಕರ್ನಾಟಿಕ್ ಸೀಮೆ ಎಲ್ಲ ಹೊಗೆಯಾಡಿತು. ಕಂಪನಿಯ ದಂಡು ಎರಡು ಕಡೆ ಇತ್ತು. ಒಂದು ಹೆಕ್ಟರ್ ಮನ್ರೋ ಕೈಕೆಳಗೆ ಕಂಚಿಯಲ್ಲಿ, ಇನ್ನೊಂದು ವಿಲಿಯಂ ಬೈಲಿ ಕೈಕೆಳಗೆ ಕಂಚಿಗೆ ಬರುವ ಹಾದಿಯಲ್ಲಿ. ಇಬ್ಬರೂ ಸ್ಕಾಟ್ಲೆಂಡಿನವರೇ. ಬೈಲಿ ಸಿಕ್ಕಿಕೊಂಡಿದ್ದಾನೆ ಅಂತ ಗೊತ್ತಾದಾಗ ಮನ್ರೋ ತಾನು ಕದಲಲಿಲ್ಲ. ರಾತ್ರೋರಾತ್ರಿ ಒಂದಷ್ಟು ಆಯ್ದ ತುಕಡಿಗಳನ್ನು ಕಳಿಸಿಕೊಟ್ಟ. ಆ ತುಕಡಿಗಳಲ್ಲಿ ಬೇರ್ಡನೂ ಇದ್ದ.

1780ರ ಸೆಪ್ಟೆಂಬರ್ 10, ಪೊಲ್ಲಿಲೂರು. ಆ ದಿನ ಏನಾಯಿತು ಅಂತ ತಿಳಿಯಲು ಪುಸ್ತಕ ಬೇಡ, ನಮ್ಮ ದರಿಯಾ ದೌಲತ್‌ಗೆ ಹೋಗಿ ಪಡುವಣ ಗೋಡೆ ಮುಂದೆ ನಿಂತರೆ ಸಾಕು. ಕೆಂಪು ಕೋಟಿನವರು ಚೌಕ ಕಟ್ಟಿಕೊಂಡು ನಿಂತಿದ್ದಾರೆ. ಸುತ್ತ ಮೈಸೂರಿನ ಕುದುರೆ ಸವಾರರು. ಚೌಕದ ನಡುವೆ ಮದ್ದಿನ ಗಾಡಿ ಸಿಡಿದು ಬೆಂಕಿ ಏಳುತ್ತಿದೆ. ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಮದ್ದಿನ ಗಾಡಿ ಸಿಡಿದದ್ದು ನಿಜ, ಅದರ ಮೇಲೆ ಆ ದಂಡು ಎದ್ದು ನಿಲ್ಲಲಿಲ್ಲ. ಟಿಪ್ಪುವಿನ ಸವಾರರು, ಹೈದರನ ಫಿರಂಗಿ, ಮೈಸೂರಿನ ಅಗ್ನಿಬಾಣ ಮೂರೂ ಒಟ್ಟಿಗೆ ಬಿದ್ದವು. ಭಾರತದಲ್ಲಿ ಇಂಗ್ಲೀಷರು ಅಲ್ಲಿಯ ತನಕ ಅಂಥ ಸೋಲು ಕಂಡಿರಲಿಲ್ಲ. ಹತ್ತಾರು ಮೈಲಿ ದೂರದಲ್ಲಿದ್ದ ಮನ್ರೋ ದೊಡ್ಡ ಫಿರಂಗಿಗಳನ್ನು ಕಂಚಿಯ ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿಗೆ ಓಟ ಕಿತ್ತ.

ಬೇರ್ಡ್‌ಗೆ ತಲೆ ಮೇಲೆ ಎರಡು ಕತ್ತಿಯೇಟು, ತೋಳಿಗೆ ಭರ್ಜಿ ಇರಿತ, ತೊಡೆಯಲ್ಲಿ ಒಂದು ಗುಂಡು. ಸತ್ತನೆಂದು ಬಿಟ್ಟಿದ್ದರು. ಆಮೇಲೆ ಕೈದಿಯಾದ. ಆಗ ವಯಸ್ಸು 22.

ಪಟ್ಟಣಕ್ಕೆ ಕರೆತಂದ ಮೇಲೆ ಮೂರೂವರೆ ವರ್ಷ ಸೆರೆ. ಇಲ್ಲೊಂದು ಮಾತು ಹೇಳಲೇಬೇಕು, ಗೈಡ್ ಮಿತ್ರರು ಬೇಸರ ಮಾಡಿಕೊಳ್ಳಬಾರದು. ಬದುಕಿ ಬಂದ ಅಧಿಕಾರಿಗಳು ಬರೆದಿಟ್ಟದ್ದನ್ನು ನೋಡಿದರೆ ಅವರನ್ನು ಕೂಡಿಹಾಕಿದ್ದು ಮಣ್ಣಿನ ಗೋಡೆ ಸುತ್ತಿದ ಒಂದು ಬಯಲು ಅಂಗಳದಲ್ಲಿ, ಸುತ್ತ ತಗ್ಗು ಮಾಡಿನ ಜಗುಲಿ. ಕತ್ತಿನ ಮಟ್ಟ ನೀರಿನ ಕಥೆ ಆ ಬರಹಗಳಲ್ಲಿಲ್ಲ. ಆದರೆ ನೀರಿಲ್ಲದೆಯೂ ಅದು ನರಕವೇ. ಕಾಲಿಗೆ ಕಬ್ಬಿಣದ ಬೇಡಿ, ಹೊಟ್ಟೆಗೆ ಅರೆ, ಭೇದಿ, ಹುಣ್ಣು, ಜ್ವರ. ಹೊರಗಿನ ಸುದ್ದಿ ಇಲ್ಲ. ಪಕ್ಕದವನು ಬೆಳಿಗ್ಗೆ ಏಳದಿದ್ದರೆ ಎತ್ತಿಕೊಂಡು ಹೋಗುತ್ತಿದ್ದರು. ಎಳೇ ಹುಡುಗರನ್ನು ಬೇರೆ ಮಾಡಿ ಚೇಲಾ ಪಡೆಗೆ ಸೇರಿಸುತ್ತಿದ್ದರು. ಬೇರ್ಡನ ತೊಡೆಯ ಗುಂಡು ತೊಡೆಯಲ್ಲೇ ಉಳಿದಿತ್ತು. ಅದನ್ನು ತೆಗೆದದ್ದು ಬಿಡುಗಡೆಯಾದ ಮೇಲೆ.

ಬೇಡಿ ಹಾಕುವ ದಿನದ ಒಂದು ಪ್ರಸಂಗ ಅವನ ಜೀವನಚರಿತ್ರೆಯಲ್ಲಿ ಇದೆ. ಬೇರ್ಡನ ಕಾಲಿನ ಗಾಯ ಇನ್ನೂ ಬಾಯಿ ತೆರೆದಿತ್ತು. ಬೇಡಿ ಬಿಗಿದರೆ ಸಾಯುತ್ತಾನೆ ಅಂತ ಕಂಡ ಕ್ಯಾಪ್ಟನ್ ಲೂಕಾಸ್ ಎಂಬಾತ ಮುಂದೆ ಬಂದು, ಇವನದ್ದೂ ನನಗೇ ಹಾಕಿ, ನಾನು ಎರಡು ಜೊತೆ ಹೊರುತ್ತೇನೆ ಅಂದನಂತೆ. ಬೇಡಿ ಹಾಕಲು ಬಂದವರೇ ತಲೆ ತಗ್ಗಿಸಿದರಂತೆ. ಬೇರ್ಡ್‌ಗೆ ಕೆಲವು ತಿಂಗಳ ಮಾಫಿ ಸಿಕ್ಕಿತು. ಗೆದ್ದವರ ಚರಿತ್ರೆಯಲ್ಲಿ ಲೂಕಾಸನಂಥವರಿಗೆ ಒಂದು ಪ್ಯಾರಾ ಸಿಕ್ಕಿದರೆ ಹೆಚ್ಚು.

ಊರಿಗೆ ಸುದ್ದಿ ಮುಟ್ಟಿದಾಗ, ಕೈದಿಗಳನ್ನು ಇಬ್ಬಿಬ್ಬರಂತೆ ಒಂದೇ ಸರಪಳಿಗೆ ಬಿಗಿದಿದ್ದಾರೆ ಅಂತ ಯಾರೋ ಹೇಳಿದರು. ಆಗ ಬೇರ್ಡನ ತಾಯಿ, ನಮ್ಮ ಡೇವಿ ಜೊತೆ ಬಿಗಿಸಿಕೊಂಡಿರುವ ಆ ಹುಡುಗನನ್ನು ದೇವರೇ ಕಾಪಾಡಬೇಕು ಅಂದಳಂತೆ. ಸ್ಕಾಟ್ಲೆಂಡಿನಲ್ಲಿ ಇದು ಇವತ್ತಿಗೂ ನಗೆಯ ಮಾತು. ಹೆತ್ತ ತಾಯಿ ಹೀಗೆ ನಗುವಾಗ ಒಳಗೆ ಏನಿತ್ತು ಅಂತ ಊಹಿಸುವುದು ಕಷ್ಟವಲ್ಲ. ಮಗ ಸೇನೆಯಲ್ಲಿರುವ ನಮ್ಮ ಹಳ್ಳಿಯ ಯಾವ ತಾಯಿಯನ್ನಾದರೂ ಕೇಳಿ.

1782ರ ನವೆಂಬರಿನಲ್ಲಿ ಬೈಲಿ ಸೆರೆಯಲ್ಲೇ ಸತ್ತ. ಮುಂದಿನ ತಿಂಗಳು ಹೈದರಾಲಿಯೂ ತೀರಿಕೊಂಡ. 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಯಿತು, ಬೇಡಿ ಬಿಚ್ಚಿದರು. ಬೇರ್ಡ್ ಕುಂಟುತ್ತ ಮದರಾಸಿಗೆ ನಡೆದ. ಬೇರೆ ಯಾರಾದರೂ ಆಗಿದ್ದರೆ ಮೊದಲ ಹಡಗು ಹತ್ತಿ ಊರು ಸೇರುತ್ತಿದ್ದರು. ಇವನು ಅದೇ ಪಟಾಲಂ ಸೇರಿಕೊಂಡ. ಊರಿಗೆ ಒಮ್ಮೆ ಹೋಗಿ ಬಂದದ್ದು ಐದು ವರ್ಷದ ಮೇಲೆ. 1791ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ಮರಳಿ, ಕಾರ್ನ್‌ವಾಲಿಸನ ದಂಡಿನಲ್ಲಿ ಒಂದು ಬ್ರಿಗೇಡಿನ ಮುಂದಾಳಾಗಿ ಪಟ್ಟಣದ ತನಕ ಬಂದ. 1792ರಲ್ಲಿ ಕೋಟೆ ಬೀಳಲಿಲ್ಲ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ರಾಜಿ ಮಾಡಿಕೊಂಡ. ಬೇರ್ಡ್ ಹೊಳೆ ಆಚೆಯಿಂದಲೇ ಕೋಟೆ ನೋಡಿ ಹಿಂದಕ್ಕೆ ಹೋದ.

ಕೊನೆಗೆ 1799. ಜನರಲ್ ಹ್ಯಾರಿಸ್‌ನ ದಂಡು ಏಪ್ರಿಲ್ ತಿಂಗಳಿಡೀ ಕೋಟೆಗೆ ಮುತ್ತಿಗೆ ಹಾಕಿ ಕೂತಿತು. ಮೇ 3ರ ಹೊತ್ತಿಗೆ ವಾಯವ್ಯ ಮೂಲೆಯ ಗೋಡೆ ಒಡೆದು ಬಿರುಕಾಯಿತು. ಲಗ್ಗೆ ನಡೆಸುವವರು ಯಾರು? ಬೇರ್ಡ್, ಆಗ ಮೇಜರ್ ಜನರಲ್, ತಾನೇ ಕೇಳಿಕೊಂಡು ಆ ಕೆಲಸ ಪಡೆದ. ಬೆಳಕು ಹರಿಯುವ ಮುಂಚೆಯೇ ಸುಮಾರು ನಾಲ್ಕು ಸಾವಿರ ಚಿಲ್ಲರೆ ಜನರನ್ನು ಕಂದಕಗಳಲ್ಲಿ ಅಡಗಿಸಿ ಕೂರಿಸಿದರು. ಬಿಳಿಯರೂ ಇದ್ದರು, ನಮ್ಮ ದೇಶದ ಸಿಪಾಯಿಗಳೂ ಇದ್ದರು. ಮೇ 4, ಮಧ್ಯಾಹ್ನ ಒಂದು ಗಂಟೆ. ಊಟದ ಹೊತ್ತು, ಕೋಟೆಯೊಳಗೆ ಪಹರೆ ಸಡಿಲವಾಗಿರುತ್ತೆ ಅನ್ನುವ ಲೆಕ್ಕ. ಕಾವೇರಿಯಲ್ಲಿ ಬೇಸಿಗೆಯ ನೀರು, ಅಲ್ಲಲ್ಲಿ ಬಂಡೆ. ಬೇರ್ಡ್ ಕಂದಕದ ಮೇಲೆ ಹತ್ತಿ ನಿಂತು ಕತ್ತಿ ಹಿರಿದ.

ಬಿರುಕಿನ ಮೇಲೆ ಬಾವುಟ ಏರಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ಕೋಟೆಗೋಡೆ ಉದ್ದಕ್ಕೂ, ಒಳಗಿನ ಬಾಗಿಲುಗಳಲ್ಲಿ ನಡೆದ ಕಾದಾಟ ಘೋರ. ಮೈಸೂರಿನವರು ಸಾವಿರಾರು ಜನ ಬಿದ್ದರು. ಊಟಕ್ಕೆ ಕೂತಿದ್ದ ಟಿಪ್ಪು ಎದ್ದು ಬಂದವನು ಹಿಂದಕ್ಕೆ ಹೋಗಲಿಲ್ಲ.

ಈಗ ಈ ಲೇಖನ ಬರೆಯಲು ಕಾರಣವಾದ ಗಳಿಗೆಗೆ ಬರೋಣ.

ಸಂಜೆ ಬೇರ್ಡ್ ಅರಮನೆ ಮುಂದೆ ನಿಂತಿದ್ದಾನೆ. ಕೈಯಲ್ಲಿ ದಂಡು, ಮೈಯಲ್ಲಿ ಹಳೇ ಗಾಯ. ಮುತ್ತಿಗೆಯ ಸಮಯದಲ್ಲಿ ಹಿಡಿದ ಬಿಳಿ ಸೋಜರನ್ನು ಟಿಪ್ಪು ಕೊಲ್ಲಿಸಿದ್ದಾನೆ ಎಂಬ ಸುದ್ದಿ ಆಗತಾನೆ ಕಿವಿಗೆ ಬಿದ್ದಿದೆ. ಮನುಷ್ಯ ಕುದಿಯುತ್ತಿದ್ದಾನೆ. ಅರಮನೆಯೊಳಗೆ ಟಿಪ್ಪುವಿನ ಮಕ್ಕಳಿದ್ದಾರೆ, ಹೆಂಗಸರಿದ್ದಾರೆ. ಮೇಜರ್ ಅಲನ್ ಎಂಬಾತ ಬಿಳಿ ಬಾವುಟ ಹಿಡಿದು ಒಳಗೆ ಹೋಗಿ, ಪ್ರಾಣಭಯವಿಲ್ಲ ಎಂದು ಮಾತು ಕೊಟ್ಟು ಮಕ್ಕಳನ್ನು ಕರೆತಂದ. ಆ ಮಕ್ಕಳು ಎದುರು ಬಂದು ನಿಂತಾಗ ಬೇರ್ಡ್ ಕರಗಿದ ಅಂತ ಅಲನ್ನೇ ಬರೆದಿದ್ದಾನೆ. ಮಕ್ಕಳಿಗೆ ಅಭಯ ಕೊಟ್ಟು, ಕಾವಲಿನ ಜೊತೆ ಗೌರವದಿಂದ ಹೊರಗೆ ಕಳಿಸಿಕೊಟ್ಟ. ಆಮೇಲೆ ದೀವಟಿಗೆ ಹಿಡಿದು ಬಾಗಿಲ ಬಳಿಯ ಹೆಣದ ರಾಶಿಯಲ್ಲಿ ಸುಲ್ತಾನನನ್ನು ಹುಡುಕಿದರು. ಗಾಯಗೊಂಡು ಬಿದ್ದಿದ್ದ ಟಿಪ್ಪುವಿನ ಆಳು ರಾಜಾಖಾನ್ ಜಾಗ ತೋರಿಸಿದ. ಕಣ್ಣು ತೆರೆದೇ ಇತ್ತು, ಮೈ ಇನ್ನೂ ಬೆಚ್ಚಗಿತ್ತು. ಜೀವ ಇದೆಯೇನೋ ಅಂತ ನಾಡಿ ಹಿಡಿದು ನೋಡಿದರಂತೆ. ಹೆಣವನ್ನು ಪಲ್ಲಕ್ಕಿಯಲ್ಲಿಟ್ಟು ಅರಮನೆಗೆ ಸಾಗಿಸಿದರು.

ಊರಿನ ಜನಕ್ಕೆ ಮಾತ್ರ ಆ ರಾತ್ರಿ ಯಾವ ಅಭಯವೂ ಸಿಗಲಿಲ್ಲ. ಬೆಳಗಾಗುವ ತನಕ ಲೂಟಿ ನಡೆಯಿತು, ಮನೆಗಳು ಉರಿದವು. ಬೇರ್ಡನ ಕೈಕೆಳಗಿನ ಸೋಜರೇ ಮಾಡಿದ್ದು. ಅದನ್ನೂ ಇವನ ಲೆಕ್ಕಕ್ಕೇ ಬರೆಯಬೇಕು.

ಮಾರನೇ ದಿನ, ಮೇ 5. ಬೇರ್ಡ್ ತನ್ನ ಜನರ ಜೊತೆ ಬೆಳಗಿನ ತಿಂಡಿಗೆ ಕೂತಿದ್ದ. ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಜ್ಞಾಪತ್ರ ಹಿಡಿದು ಬಂದ. ಪಟ್ಟಣದ ಅಧಿಕಾರ ಇನ್ನು ವೆಲ್ಲೆಸ್ಲಿಗೆ, ಬೇರ್ಡ್ ಬೀಗದ ಕೈ ಒಪ್ಪಿಸಿ ಹೊರಡಬೇಕು. ಎದ್ದು ನಿಂತ ಬೇರ್ಡ್, ಇಲ್ಲಿ ನಮಗಿನ್ನು ಕೆಲಸವಿಲ್ಲ ಅಂದ. ತಿಂಡಿಯಾದರೂ ಮುಗಿಸಿ ಹೋಗಿ ಅಂತ ವೆಲ್ಲೆಸ್ಲಿ ಉಪಚಾರ ಮಾಡಿದನಂತೆ. ದರ್ಜೆಯಲ್ಲಿ ವೆಲ್ಲೆಸ್ಲಿ ಚಿಕ್ಕವನು, ಲಗ್ಗೆಯ ಹೊತ್ತಿನಲ್ಲಿ ಹಿಂದೆ ಕಂದಕದಲ್ಲಿ ಮೀಸಲು ಪಡೆಯ ಜೊತೆ ಇದ್ದವನು. ಆದರೆ ಅವನ ಅಣ್ಣ ಕಲ್ಕತ್ತೆಯ ಗವರ್ನರ್ ಜನರಲ್. ನಮ್ಮ ತಾಲ್ಲೂಕು ರಾಜಕೀಯ ಬಲ್ಲ ಓದುಗರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಬೇರ್ಡ್ ಸಿಟ್ಟಿನಲ್ಲಿ ಹ್ಯಾರಿಸ್‌ಗೆ ಪತ್ರ ಬರೆದ, ಉಲ್ಟಾ ಬೈಸಿಕೊಂಡ. ವೆಲ್ಲೆಸ್ಲಿ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ನೆಪೋಲಿಯನ್ನನನ್ನು ಸೋಲಿಸಿ ಮುದುಕನಾದ ಮೇಲೆ ಈ ಬಗ್ಗೆ ಮಾತಾಡಿದ್ದಾನೆ. ಬೇರ್ಡ್ ಧೀರ, ಆದರೆ ನಯವಿಲ್ಲದವನು, ಸೆರೆಮನೆಯ ಕಹಿ ತುಂಬಿಕೊಂಡವನು, ಈ ದೇಶದ ಜನರನ್ನು ಆಳಲು ತಕ್ಕವನಲ್ಲ ಎಂಬುದು ಅವನ ಮಾತಿನ ಸಾರ. ಮಾತು ಪೂರ್ತಿ ಸುಳ್ಳಲ್ಲ. ವೆಲ್ಲೆಸ್ಲಿ ಬಂದೊಡನೆ ಲೂಟಿಕೋರರಲ್ಲಿ ಕೆಲವರನ್ನು ಗಲ್ಲಿಗೇರಿಸಿ ಊರು ಹತೋಟಿಗೆ ತಂದದ್ದೂ ನಿಜ. ಆದರೆ ಸೇಡು ತೀರಿಸುವ ಅವಕಾಶ ಅಂಗೈಯಲ್ಲಿದ್ದ ಸಂಜೆ ಆ ಒರಟು ಸೋಜರ ಮಾಡಿದ್ದೇನು ಅಂತಲೂ ನೋಡಬೇಕಲ್ಲ? ಸೆರೆಮನೆಯ ಕಹಿಯನ್ನು ಅವನು ಆ ಮಕ್ಕಳ ಮೇಲೆ ಕಾರಲಿಲ್ಲ.

ಪಟ್ಟಣ ಬಿಟ್ಟ ಮೇಲೆ ಇನ್ನೂ ಹತ್ತು ವರ್ಷ ಅವನ ಯುದ್ಧಗಳು ಮುಗಿಯಲಿಲ್ಲ. 1801ರಲ್ಲಿ ಫ್ರೆಂಚರ ವಿರುದ್ಧ ಈಜಿಪ್ಟಿಗೆ ಭಾರತದಿಂದ ದಂಡು ಹೊರಟಿತು. ಅದಕ್ಕೆ ಮೊದಲು ಗೊತ್ತಾದವನು ವೆಲ್ಲೆಸ್ಲಿ, ಆಮೇಲೆ ಬದಲಾಯಿಸಿ ಬೇರ್ಡ್‌ಗೆ ಕೊಟ್ಟರು. ಈ ಸಲ ಮುಖ ಸಪ್ಪೆ ಮಾಡಿಕೊಂಡದ್ದು ವೆಲ್ಲೆಸ್ಲಿ. ಕಾಯಿಲೆ ಬಿದ್ದು ಬೊಂಬಾಯಿಯಲ್ಲೇ ಉಳಿದ. ಅವನು ಹತ್ತಬೇಕಿದ್ದ ಹಡಗು ಕೆಂಪು ಸಮುದ್ರದಲ್ಲಿ ಮುಳುಗಿತು. ವಿಧಿಯ ಆಟ ನೋಡಿ! ಬೇರ್ಡ್ ಕೊಸೈರ್ ಬಂದರಿನಲ್ಲಿ ಇಳಿದು, ಬಿಳಿ ಸೋಜರನ್ನೂ ನಮ್ಮ ಸಿಪಾಯಿಗಳನ್ನೂ ಬೇಸಿಗೆಯಲ್ಲಿ ನೂರಕ್ಕೂ ಹೆಚ್ಚು ಮೈಲಿ ಮರಳುಗಾಡು ದಾಟಿಸಿ ನೈಲ್ ನದಿ ಮುಟ್ಟಿಸಿದ. ಆ ಸಿಪಾಯಿಗಳು ತೊಗಲು ಚೀಲದ ನೀರು ಕುಡಿದು ನಡೆದರು. ಫ್ರೆಂಚರ ಜೊತೆ ಕಾದಾಡುವ ಪ್ರಸಂಗವೇ ಬರಲಿಲ್ಲ, ಅವರು ತಲುಪುವಷ್ಟರಲ್ಲಿ ಕೈರೋ ಶರಣಾಗಿತ್ತು.

1806ರ ಜನವರಿಯಲ್ಲಿ ಡಚ್ಚರಿಂದ ಕೇಪ್ ಪ್ರಾಂತ ಗೆದ್ದ. ಅಲ್ಲಿಂದ ಒಬ್ಬ ನೌಕಾಧಿಕಾರಿಯ ಮಾತು ಕೇಳಿ, ಮೇಲಿನವರ ಅಪ್ಪಣೆಯಿಲ್ಲದೆ, ದಕ್ಷಿಣ ಅಮೆರಿಕಕ್ಕೆ ಒಂದು ಪಟಾಲಂ ಎರವಲು ಕೊಟ್ಟ. ಯಾವುದು ಗೊತ್ತೇ? ತನ್ನದೇ ಹಳೆಯ 71. ಬ್ಯೂನಸ್ ಐರಿಸ್ ಹಿಡಿದ ಅವರು ಎರಡೇ ತಿಂಗಳಲ್ಲಿ ಶರಣಾಗಿ ಕೈದಿಗಳಾದರು. ಮತ್ತೊಂದು ತಲೆಮಾರಿನ ಸ್ಕಾಟಿಷ್ ಹುಡುಗರು ಸೆರೆ ಕಂಡರು, ಈ ಸಲ ಕಳಿಸಿಕೊಟ್ಟವನು ಸೆರೆಯ ರುಚಿ ಬಲ್ಲವನೇ. ಬೇರ್ಡ್‌ನನ್ನು ಸರ್ಕಾರ ವಾಪಸ್ಸು ಕರೆಸಿಕೊಂಡಿತು. 1809ರ ಜನವರಿ 16ರಂದು ಸ್ಪೇನಿನ ಕೊರುನ್ನಾದಲ್ಲಿ ಗುಂಡಿನೇಟಿಗೆ ಎಡಗೈ ಚೂರಾಯಿತು, ಭುಜದ ತನಕ ಕತ್ತರಿಸಿ ತೆಗೆದರು. ಮುಖ್ಯ ಸೇನಾನಿ ಜಾನ್ ಮೂರ್ ಅದೇ ದಿನ ಸತ್ತ. ಅಲ್ಲಿಗೆ ಬೇರ್ಡನ ಯುದ್ಧ ಮುಗಿಯಿತು. ಸ್ಪೇನಿನ ದಂಡಿನ ಮುಂದಾಳ್ತನ ಆಮೇಲೆ ಹೋದದ್ದು, ಹೇಳಬೇಕಾಗಿಯೇ ಇಲ್ಲ, ವೆಲ್ಲೆಸ್ಲಿಗೆ.

ಬ್ಯಾರನೆಟ್ ಪದವಿ ಕೊಟ್ಟರು. 1810ರಲ್ಲಿ, 52ನೇ ವಯಸ್ಸಿನಲ್ಲಿ ಮದುವೆಯಾದ. ಮಕ್ಕಳಾಗಲಿಲ್ಲ. ಕೆಲಕಾಲ ಐರ್ಲೆಂಡಿನಲ್ಲಿ ಸೇನಾಪತಿಯಾಗಿದ್ದು, ಆಮೇಲೆ ಹೆಂಡತಿಯ ಊರಾದ ಕ್ರೀಫ್ ಹತ್ತಿರದ ಫರ್ನ್ ಟವರ್ ಮನೆಯಲ್ಲಿ 1829ರ ಆಗಸ್ಟ್ 18ರಂದು ತೀರಿಕೊಂಡ. ಹೆಂಡತಿ ಸುಮ್ಮನೆ ಕೂರಲಿಲ್ಲ. ಗುಡ್ಡದ ಮೇಲೆ ಎತ್ತರದ ಕಲ್ಲುಕಂಬ ನಿಲ್ಲಿಸಿದಳು. ಡೇವಿಡ್ ವಿಲ್ಕಿ ಎಂಬ ದೊಡ್ಡ ಚಿತ್ರಕಾರನಿಂದ ಒಂದು ಚಿತ್ರ ಬರೆಸಿದಳು, 1839ರಲ್ಲಿ ಮುಗಿಯಿತು. ಅದು ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಬಾಗಿಲ ಕಮಾನಿನ ಕೆಳಗೆ ಬೇರ್ಡ್, ಕೆಳಗೆ ಟಿಪ್ಪುವಿನ ದೇಹ, ದೀವಟಿಗೆಯ ಬೆಳಕು. ಬೇರ್ಡನ ಕಾಲ ಕೆಳಗೆ ನೆಲದಲ್ಲಿ ಒಂದು ಕಬ್ಬಿಣದ ಸರಳಿನ ಕಿಂಡಿ ಬರೆದಿದ್ದಾನೆ ವಿಲ್ಕಿ. ಅದು ಹಳೇ ಸೆರೆಮನೆ ಅಂತ ಸೂಚನೆ.

ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕ ಕತ್ತಿಯನ್ನು ಲಗ್ಗೆಯ ಶೌರ್ಯಕ್ಕೆಂದು ಬೇರ್ಡ್‌ಗೆ ಕೊಟ್ಟಿದ್ದರು. 2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಅದು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ನಮ್ಮ ದುಡ್ಡಿನಲ್ಲಿ 140 ಕೋಟಿ ಮೀರುತ್ತೆ. ಆ ಸುದ್ದಿ ಬಂದ ದಿನ ಎಲ್ಲರ ಬಾಯಲ್ಲೂ ಟಿಪ್ಪು ಕತ್ತಿ, ಟಿಪ್ಪು ಕತ್ತಿ. ಅದು ಯಾರ ಕೈಗೆ ಹೋಗಿತ್ತು, ಅವನು ಈ ಊರಲ್ಲಿ ಏನು ಪಡಿಪಾಟಲು ಪಟ್ಟಿದ್ದ ಅಂತ ಕೇಳಿದವರು ಕಡಿಮೆ.

ಬೈಲಿಗೆ ಗುಂಬಜ್ ಬಳಿ 1816ರಲ್ಲಿ ಅವನ ಬಂಧು ಕಟ್ಟಿಸಿದ ಸ್ಮಾರಕ ಇದೆ, ಬಂದೀಖಾನೆಗೆ ಅವನ ಹೆಸರೂ ಇದೆ. ಬಿರುಕಿನ ಜಾಗದಲ್ಲಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಕಂಬ ಇದೆ. ಗೋಡೆ ಕಾಯುತ್ತ ಸತ್ತ ಮೈಸೂರಿನ ಸಿಪಾಯಿಗಳ ಹೆಸರು ಯಾವ ಕಲ್ಲಿನ ಮೇಲೂ ನನಗೆ ಕಾಣಲಿಲ್ಲ.

ಬಂದೀಖಾನೆಯಿಂದ ನಾನು ದರಿಯಾ ದೌಲತ್‌ಗೆ ಹೋದೆ. ಬೇರ್ಡ್‌ನಿಂದ ಬೀಗದ ಕೈ ಪಡೆದ ವೆಲ್ಲೆಸ್ಲಿ ವಾಸವಿದ್ದದ್ದು ಇದೇ ಮನೆಯಲ್ಲಿ, ದಿನಾ ಕಣ್ಣ ಮುಂದೆ ಇದೇ ಪೊಲ್ಲಿಲೂರಿನ ಚಿತ್ರ. ಪಲ್ಲಕ್ಕಿಯ ಬೈಲಿಯನ್ನು ಗುರುತು ಹಿಡಿಯಬಹುದು. ಚೌಕದಲ್ಲಿ ನಿಂತ ಕೆಂಪು ಕೋಟಿನವರದ್ದೆಲ್ಲಾ ಒಂದೇ ಮುಖ, ಒಂದೇ ಟೋಪಿ. ಇದರಲ್ಲಿ ಬೇರ್ಡ್ ಯಾರು ಅಂತ ಕಾವಲಿನವರನ್ನು ಕೇಳಿದೆ. ಅವರು ಗೋಡೆ ಕಡೆ ಒಂದು ಸಲ ನೋಡಿ, "ಯಾರಾದ್ರೂ ಆಗ್ಬೋದು ಸಾ, ಟೈಮಾಯ್ತು, ಬಾಗಿಲು ಹಾಕ್ಬೇಕು" ಅಂದರು.